ಒಸಡಿನ ಬಣ್ಣದ ಕೋಣೆ

ಒಂದು ಕಾಲಕ್ಕೆ ಇದು ಹಲ್ಲಿನ ಆಸ್ಪತ್ರೆ.
ಈಗ ರಾತ್ರಿಗೆ ಮುನ್ನೂರ ನಲವತ್ತು ಯೂರೋ.
ಗೋಡೆಗೆ ಒಸಡಿನ ಬಣ್ಣ, ಬೇಕೆಂದೇ ಹಚ್ಚಿದ್ದು;
ಕಿಟಕಿಯ ಬಳಿ ಅದೇ ಹಳೆಯ ಕುರ್ಚಿ,
ಪೆಡಲು ಒತ್ತಿದರೆ ಈಗಲೂ ಏರುತ್ತದೆ, ನಿಟ್ಟುಸಿರಿಟ್ಟು.
ಉಗುಳುವ ಪಿಂಗಾಣಿ ಬಟ್ಟಲಲ್ಲಿ ಹುರಿದ ಬಾದಾಮಿ.
"ಬಾಯಿ ದೊಡ್ಡದಾಗಿ ತೆರೆಯಿರಿ" ಎಂಬ ಫಲಕ
ಬಾರಿನ ಮೇಲೆ, ನಿಯಾನ್ ಅಕ್ಷರದಲ್ಲಿ.

ಮದುವೆಯಾಗಿ ಮೂವತ್ತು ವರ್ಷ ಎಂದು
ಲಿವಿಯೊ ನನ್ನನ್ನು ನಮ್ಮೂರಲ್ಲೇ ಹೋಟೆಲಿಗೆ ಕರೆತಂದ.
ಮನೆಯಿಂದ ಬಸ್ಸಿನಲ್ಲಿ ಹನ್ನೊಂದು ನಿಮಿಷ.
ಒಂದೇ ಸೂಟ್‌ಕೇಸು, ಅದೂ ಅರ್ಧ ಖಾಲಿ,
ಬರಿಗೈಲಿ ಹೋದರೆ ಏನಂದುಕೊಂಡಾರೆಂದು.
"ಟ್ರಿಯೆಸ್ತೆಗೆ ಮೊದಲ ಸಲವೇ?" ಕೇಳಿದ ಸ್ವಾಗತದ ಹುಡುಗ.
"ಹೌದು" ಅಂದುಬಿಟ್ಟೆ, ಯಾಕೋ.
ನಕಾಶೆ ಬಿಚ್ಚಿ, ನಾನು ಹುಟ್ಟಿದ ಬೀದಿಗೆ
ಪೆನ್ನಿನಿಂದ ಸುತ್ತು ಹಾಕಿ ಕೊಟ್ಟ:
ಇಲ್ಲಿ ಮೀನು ಚೆನ್ನಾಗಿರುತ್ತದೆ.

ಹೊರಗೆ ಬೋರಾ ಗಾಳಿ.
ಅದು ಬೀಸಿದ ರಾತ್ರಿ ಈ ಊರಲ್ಲಿ ಯಾರ ಟೋಪಿಯೂ ಅವರದಲ್ಲ.
ಲಿವಿಯೊ ಮಲಗಿದ, ಏಳು ದಿಂಬುಗಳ ನಡುವೆ
ಪಾರ್ಸೆಲ್ಲಿನೊಳಗಿನ ಗಾಜಿನ ಲೋಟದಂತೆ.
ಹಲ್ಲಿದ್ದಾಗ ಕಡಲೆಯಿರಲಿಲ್ಲ, ಸರಿ;
ಈಗ ಬಾದಾಮಿಯಿದೆ, ಎಡಗಡೆ ಅಗಿಯುವಂತಿಲ್ಲ.

ತಲೆದೆಸೆಗೆ ಗಾಜಿನ ಬೀರು.
ಸಾಲು ಸಾಲು ಪ್ಲಾಸ್ಟರಿನ ದವಡೆ,
ಅಚ್ಚು ತೆಗೆದ ಬಾಯಿಗಳು, ಅಡಿಯಲ್ಲಿ ಪೆನ್ಸಿಲಿನ ಅಂಕಿ.
ಮುಖವಿಲ್ಲದೆ ನಗುವುದೆಂದರೆ ಇದೇ.
ಒಂದಕ್ಕೆ ಬರೀ ಮೂರು ಹಲ್ಲು,
ಮಗುವಿನದೊಂದು, ಅಕ್ಕಿಕಾಳಿನಂತೆ.
ಎರಡನೇ ಸಾಲಿನಲ್ಲಿ, ಇನ್ನೂರ ಹದಿನೇಳು:
ಮೇಲಿನ ಬಾಚಿಹಲ್ಲಿನಲ್ಲಿ ಒಂದು ಕಚ್ಚು,
ಸಣ್ಣದು. ಗರಗಸ ಮುಟ್ಟಿ ಬಿಟ್ಟ ಹಾಗೆ.

ಅಮ್ಮ ಕತ್ತರಿ ಎತ್ತುತ್ತಿರಲಿಲ್ಲ.
ಬಂದರಿನ ಹಿಂದಿನ ಓಣಿ, ಮೂರನೇ ಮಹಡಿ,
ಕಂಡವರ ಮದುವೆಯ ಬಟ್ಟೆ, ನಾವಿಕರ ಕೋಟಿನ ಗುಂಡಿ,
ಪ್ರತಿ ಹೊಲಿಗೆಯ ಕೊನೆಗೆ ಬಗ್ಗಿ ಟಕ್ಕೆಂದು ದಾರ ಕಚ್ಚುವಳು,
ಒಂದೇ ಹಲ್ಲು, ಒಂದೇ ಜಾಗ, ವರ್ಷಗಟ್ಟಲೆ.
ಹಡಗಿನ ಹಗ್ಗ ದಕ್ಕೆಯ ಕಲ್ಲಿಗೆ ಮಾಡುವುದನ್ನೇ
ದಾರ ಹಲ್ಲಿಗೆ ಮಾಡಿತು.
ನಕ್ಕರೆ ಕೈ ಅಡ್ಡ. ಫೋಟೋಗಳಲ್ಲಿ ಅವಳಿಗೆ ಬಾಯಿಯೇ ಇಲ್ಲ.
ಇದೇ ಮೆಟ್ಟಿಲ ಮೇಲೆ ಕೂತು ಕಾದಿದ್ದೆ, ಒಂಬತ್ತು ವರ್ಷದವಳು;
ಹೊರಬಂದಾಗ ಅವಳ ತುಟಿಯಂಚಿಗೆ ಬಿಳಿ ಹಿಟ್ಟು.

ಬೀರುವಿಗೆ ಬೀಗವಿರಲಿಲ್ಲ.
ಅಂಗೈಯಲ್ಲಿ ತಣ್ಣಗೆ, ಅಂದುಕೊಂಡದ್ದಕ್ಕಿಂತ ಹಗುರ.
ಬಚ್ಚಲಲ್ಲಿ ಹೋಟೆಲಿನ ಬಿಟ್ಟಿ ಸಾಮಾನು:
ತಲೆಗೆ ಪ್ಲಾಸ್ಟಿಕ್ ಟೋಪಿ, ಲ್ಯಾವೆಂಡರ್ ಸೋಪು, ಸೂಜಿದಾರದ ಪೊಟ್ಟಣ.
ಬಿಳಿ ದಾರ ಎಳೆದು ಆ ಕಚ್ಚಿನೊಳಗೆ ಇಟ್ಟೆ.
ಕೂತಿತು.
ತನ್ನ ಮನೆಗೆ ತಾನು ಬಂದವರ ಹಾಗೆ, ಬಾಗಿಲು ತಟ್ಟದೆ.

ಬೆಳಿಗ್ಗೆ ಹುಡುಗನನ್ನು ಕೇಳಿದೆ.
ಎದೆಯ ಪಟ್ಟಿಯಲ್ಲಿ ಹೆಸರು: ಮತ್ಯಾಜ್.
"ಓ, ಅವು ಇಲ್ಲಿನವಲ್ಲ, ಸಿಗ್ನೋರಾ.
ಅಲಂಕಾರ ಮಾಡಿದವರು ಗ್ರಾಜ್‌ನ ಗುಜರಿ ಸಂತೆಯಲ್ಲಿ
ಕಿಲೋ ಲೆಕ್ಕದಲ್ಲಿ ಕೊಂಡದ್ದು. ಇಲ್ಲಿನವನ್ನೆಲ್ಲ
ಆಸ್ಪತ್ರೆ ಮುಚ್ಚಿದಾಗಲೇ ಒಡೆದು ಹಾಕಿದರಂತೆ."
ಲಿವಿಯೊ ನನ್ನ ಭುಜ ಮುಟ್ಟಿದ.
ಕಾಫಿ ಯಂತ್ರ ಬುಸುಗುಟ್ಟಿತು.

ಗ್ರಾಜ್. ಸರಿ. ಅಲ್ಲೂ ಒಬ್ಬಳಿದ್ದಳು.
ಅಲ್ಲೂ ಗುಂಡಿ ಕಿತ್ತ ಕೋಟುಗಳು, ನಾಳೆಗೇ ಬೇಕೆನ್ನುವ ಮದುಮಗಳು,
ಕತ್ತರಿಗೆ ಕೈ ಚಾಚುವಷ್ಟೂ ಬಿಡುವಿಲ್ಲದ ಸಂಜೆ.
ಅವಳ ಮಗಳು ನಿನ್ನೆ ರಾತ್ರಿ ಎಲ್ಲಿ ಎದ್ದು ಕೂತಿದ್ದಳೋ,
ಯಾರ ಬಾಯಿಯನ್ನು ತನ್ನ ತಾಯಿಯದೆಂದುಕೊಂಡು.

"ಮಿನಿಬಾರಿನಿಂದ ಏನಾದರೂ?" ಕೇಳಿದ ಮತ್ಯಾಜ್.
"ಒಂದು ಬಾಟಲಿ ನೀರು" ಅಂದೆ.
"ಮತ್ತೆ, ಒಂದು ಗೇಣು ದಾರ."
ಅದಕ್ಕೆ ದುಡ್ಡಿಲ್ಲ ಎಂದು ನಕ್ಕ,
ಎಲ್ಲ ಹಲ್ಲೂ ಕಾಣುವಂತೆ,
ಕೈ ಅಡ್ಡ ಹಿಡಿಯದೆ.