ಬಳಚಿನ ನಡುವೆ ದೊರೆ

ಇಳಿತದ ಹೊತ್ತು. ಮಂಡಿಮಟ್ಟ ಅಘನಾಶಿನಿಯಲ್ಲಿ
ಕಾಲ್ಬೆರಳಿಂದ ಬಳಚು ತಡಕುತ್ತಿದ್ದ ಗಣಪಿಗೆ
ಸಿಕ್ಕಿದ್ದು ಚಿಪ್ಪಲ್ಲ, ತಾಮ್ರದ ಬಿಲ್ಲೆ.
ಹುಣಸೆಹಣ್ಣು ಹಚ್ಚಿ ತಿಕ್ಕಿದಳು.
ಈ ಬದಿ ನಿಂತವನು, ಮಗುಚಿದರೆ ಕೂತವನು,
ಕಣ್ಣಿಗೆ ಎರಡು ಚುಕ್ಕಿ, ಪಂಚೆಗೆ ನಾಲ್ಕು ಗೆರೆ.
"ದೊರೆಯಂತೆ! ನಮ್ಮ ಹೊಳೆ ಏಡಿಗೆ
ಇದಕ್ಕಿಂತ ಚಂದ ಮುಖ ಉಂಟು."

ಹಮ್ಮಣ್ಣ ಮಾಸ್ತರು ಕನ್ನಡಕ ಹಣೆಗೇರಿಸಿ ಓದಿದರು:
'ಶ್ರೀ' ಉಳಿದಿದೆ. ಹೆಸರು ಸವೆದಿದೆ.
ಸಿಂಹಳದ್ದು, ಎಂಟುನೂರು ವರ್ಷ ಹಿಂದಿನದು.
ಮೆಣಸಿಗೆ ಬಂದ ಹಡಗಿನವನೊಬ್ಬನ
ಸೊಂಟದ ಗಂಟಿಂದ ಜಾರಿರಬೇಕು.
ಲಂಕೆ ಅಂದದ್ದೇ ಗಣಪಿ
ಹೊಳೆಯಾಚೆ ಗೋಕರ್ಣದ ದಿಕ್ಕಿಗೆ ನೋಡಿ ನಕ್ಕಳು:
"ಅಲ್ಲಿಂದ ಬಂದವರೆಲ್ಲ ಇಲ್ಲಿ
ಏನಾದರೊಂದು ಬಿಟ್ಟೇ ಹೋಗ್ತಾರೆ."

ಅಲ್ಲಿಯ ದೊರೆಯೊಬ್ಬ ಹೇಳಿದ್ದನಂತೆ:
ಮಳೆಯ ಒಂದು ಹನಿಯೂ
ಜನರಿಗೆ ಉಪಕಾರವಾಗದೆ ಕಡಲು ಸೇರಬಾರದು.
ಹೇಳಿ ಸುಮ್ಮನಾಗಲಿಲ್ಲ, ಕಟ್ಟಿಸಿದ.
ಏರಿಯ ಮೇಲೆ ಏರಿ, ತೂಬಿಗೆ ತೂಬು,
ಕಡಲೆಂದೇ ಕರೆಸಿಕೊಂಡ ಕೆರೆ.
ಮಣ್ಣು ಹೊತ್ತವರು
ಯಾವ ಬಿಲ್ಲೆಯ ಮೇಲೂ ನಿಂತಿಲ್ಲ, ಕೂತಿಲ್ಲ.
ಹಡಗು ಹತ್ತಿಸಿ ಪರದೇಶಕ್ಕೆ ದಂಡನ್ನೂ ಕಳಿಸಿದ.
ಕಾಲ ಸರಿದು ಏರಿ ಒಡೆಯಿತು,
ಗದ್ದೆಗೆ ಆನೆ ಬಂತು.

ನಾನು ಮಾಣಿಕಟ್ಟೆ ಗಜನಿಯ ಜಂತ್ರಡಿ ಕಾಯುವವನು.
ಹಲಗೆ ಎತ್ತುವುದು, ಇಳಿಸುವುದು,
ಇಷ್ಟೇ ನನ್ನ ರಾಜ್ಯಭಾರ.
ದಿನಕ್ಕೆರಡು ಸಲ ಪಟ್ಟ, ಎರಡು ಸಲ ಪದಚ್ಯುತಿ.
ಮಳೆಗಾಲಕ್ಕೆ ಸಿಹಿನೀರು, ಕಗ್ಗ ಭತ್ತ;
ಕೊಯ್ಲು ಮುಗಿದರೆ ಉಪ್ಪುನೀರು,
ಅದೇ ಕೂಳೆಯ ಸಂದಿಯಲ್ಲಿ ಸಿಗಡಿ.
ಅಂಗೈಯ ದೊರೆಯನ್ನು ನೋಡುತ್ತ ಅಂದುಕೊಂಡೆ:
ಮಾರಾಯ, ನೀನು ಬಲು ದೊಡ್ಡವನು, ಹೌದು,
ಆದರೆ ಈ ಹಲಗೆ ನಿನ್ನ ಕೈಗೆ ಕೊಡಲಾರೆ.

ಗಣಪಿಯದು ಬೇರೆಯೇ ಪ್ರಶ್ನೆ:
"ಅಷ್ಟೂ ಹನಿ ಹಿಡಿದಿಟ್ಟರೆ
ಅವನೂರ ಅಳಿವೆಯಲ್ಲಿ ಬಳಚು ಏನು ತಿಂತಿತ್ತು?
ನನ್ನಂಥವಳು ಅಲ್ಲಿ ಒಬ್ಬಳೂ ಇರಲಿಲ್ವಾ?"
ಮಾಸ್ತರು ಕನ್ನಡಕ ಒರೆಸಿದರು.
ಅದನ್ನು ಯಾರೂ ಕಲ್ಲಲ್ಲಿ ಬರೆಸಿಲ್ಲ, ಅಂದರು.

ಕಾರವಾರಕ್ಕೆ ಒಯ್ದು ಸರ್ಕಾರಕ್ಕೆ ಕೊಡಬೇಕಂತೆ.
"ಕೊಡುವಾ, ಮಳೆಗಾಲ ಮುಗೀಲಿ."
ಅಲ್ಲಿಯ ತನಕ
ಅವಳ ದೋಣಿಯ ನೀರು ಮೊಗೆವ ಡಬ್ಬಿಯಲ್ಲಿ,
ತಳದ ತೂತಿಗೆ ಸರಿಯಾಗಿ ಕೂತಿದ್ದಾನೆ,
ಸುತ್ತ ರಾಳ ಮೆತ್ತಿಸಿಕೊಂಡು.
ಒಂದು ಹನಿ ಸೋರುವುದಿಲ್ಲ.
ಗಣಪಿ ಮೊಗೆಯುತ್ತಾಳೆ,
ಮೊಗೆದು ಮೊಗೆದು
ಹೊಳೆಗೇ ಚೆಲ್ಲುತ್ತಾಳೆ.