ಹಾಜರಿ ಪುಸ್ತಕ

ಬಕ್ಕೇಶ, ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ.
ಬೆಣ್ಣೆ ದೋಸೆ ಆರುವ ಮೊದಲೇ ಹೇಳಿ ಮುಗಿಸಿದೆ:
ಒಬ್ಬ ಗಟ್ಟಿ ಮನುಷ್ಯ ಬೇಕು ಕಾಕಾ,
ಹತ್ತು ವರ್ಷ ಯಾರೂ ಬಾಯಿ ತೆಗೀಬಾರದು,
ಆಮೇಲೆ ನೋಡು ನಮ್ಮ ದಾವಣಗೆರೆ.

ನಾನು ನೋಡಿದ್ದೇನೆ.
ಹತ್ತು ವರ್ಷ ಅಲ್ಲ, ಇಪ್ಪತ್ತೊಂದು ತಿಂಗಳು.
ಆಗ ಮಿಲ್ಲಿನಲ್ಲಿ ಟೈಮ್‌ಕೀಪರು ನಾನು.
ಗೇಟಿನ ಬದಿಗೊಂದು ಕಿಟಕಿ, ಒಂದು ಗಡಿಯಾರ,
ಹಾಜರಿಗೆ ನೀಲಿ ಶಾಯಿ, ಗೈರಿಗೆ ಕೆಂಪು.

ಒಳ್ಳೆಯದನ್ನು ಮೊದಲು ಬರೆದುಕೊಳ್ಳೋಣ, ಅದು ನ್ಯಾಯ.
ಭೋಂಗಾ ಊದುವ ಮುಂಚೆಯೇ ಸಾಲು ನಿಂತಿರುತ್ತಿತ್ತು.
ಏಳನೇ ತಾರೀಕು ಅಂದರೆ ಏಳನೇ ತಾರೀಕೇ ಸಂಬಳ.
ಸೊಸೈಟಿಯಲ್ಲಿ ಸೀಮೆಎಣ್ಣೆ, ಅಳತೆಯಲ್ಲಿ ಮೋಸವಿಲ್ಲ.
ನಿನ್ನ ಕಾಕಿಗೆ ನಡುರಾತ್ರಿ ನೋವು ಶುರುವಾದಾಗ
ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕುರ್ಚಿಯಲ್ಲೇ ಇದ್ದರು.
ನಿನ್ನ ಗೌರಕ್ಕ ಬದುಕಿದ್ದು ಹಾಗೆ.
ಇದನ್ನು ಅಳಿಸುವ ರಬ್ಬರು ನನ್ನ ಬಳಿ ಇಲ್ಲ.

ಬ್ಲೋ ರೂಮಿನಲ್ಲಿ ದುರುಗಪ್ಪನ ಮಗನ ಕೈ ಹೋಯಿತು,
ಮೊಣಕೈವರೆಗೆ.
ಅಪಘಾತದ ಪುಸ್ತಕದಲ್ಲಿ ಆ ತಿಂಗಳು ಸೊನ್ನೆ.
ಸೊನ್ನೆ ಹಾಕು ಎಂದು ಯಾರೂ ನನಗೆ ಹೇಳಲಿಲ್ಲ.
ಆಗ ಯಾರೂ ಹೇಳಬೇಕಾಗಿರಲಿಲ್ಲ.

ಕಾರ್ಡಿಂಗಿನ ಗೌಸ್ ಪೀರ್ ಒಬ್ಬ ಕೇಳಿದ.
ಜೋರಾಗಿ ಅಲ್ಲ. ಚಹಾದಂಗಡಿಯಲ್ಲಿ ಮಂಡಕ್ಕಿ ತಿನ್ನುತ್ತಾ,
ಈರುಳ್ಳಿ ಕಮ್ಮಿಯಾಯ್ತು ಅಂದಷ್ಟು ಸಲೀಸಾಗಿ:
ಆ ಹುಡುಗನ ಕೈ ಯಾವ ಲೆಕ್ಕಕ್ಕೆ ಹೋಯ್ತು?
ಮರುದಿನ ಅವನ ಚೌಕದಲ್ಲಿ ಕೆಂಪು ಶಾಯಿ.
ಅದರ ಮರುದಿನವೂ.
ಎಲ್ಲಿದ್ದಾನೆಂದು ಇಡೀ ಪಾಳಿಗೆ ಗೊತ್ತಿತ್ತು,
ಬಳ್ಳಾರಿ ಜೈಲು ಏನು ಮಹಾ ದೂರ.
ನೂರ ನಲವತ್ತೆರಡು ದಿನ ಬರೆದೆ, ಗೈರು, ಗೈರು, ಗೈರು.
ಕಾರಣದ ಕಾಲಮ್ಮಿನಲ್ಲಿ: ತಿಳಿದಿಲ್ಲ.
ಅಕ್ಷರ ದುಂಡಗಿತ್ತು. ಮ್ಯಾನೇಜರು ಮೆಚ್ಚಿದರು.

ಆಮೇಲೆ ಆ ಅಂಗಡಿಯಲ್ಲಿ ನಾವೆಲ್ಲ
ಮಳೆಯ ಬಗ್ಗೆ ಮಾತಾಡುತ್ತಿದ್ದೆವು,
ಸುಡು ಬೇಸಗೆಯಲ್ಲೂ.

ಬಾಯಿ ಬಿಟ್ಟ ಮೇಲೆ ಏನು ಸಿಕ್ಕಿತು ಅನ್ನುತ್ತೀಯ.
ಅದೂ ಸರಿ. ಮೂರು ಯೂನಿಯನ್ನು ಬಂದವು,
ಮಾಲೀಕನಿಗಿಂತ ಒಂದನ್ನೊಂದು ಹೆಚ್ಚು ಬೈದವು.
ಮುಷ್ಕರ, ಬೀಗ, ಮತ್ತೆ ಮುಷ್ಕರ,
ಕೊನೆಗೆ ಮಿಲ್ಲೇ ಮುಚ್ಚಿತು ಹಾಡಹಗಲು,
ಎಲ್ಲರೂ ಕೂಗುತ್ತಿರುವಾಗಲೇ.
ಚಿಮಣಿಯ ಬುಡದಲ್ಲಿ ಈಗ ಲೇಔಟಿನ ಕಲ್ಲುಗಳು.
ಸ್ವಾತಂತ್ರ್ಯ ಹೊಟ್ಟೆ ತುಂಬಿಸಿತು ಅಂತ ನಾನು ಅನ್ನಲಾರೆ.

ಆದರೆ ಕೇಳು.
ಜೈಲಿನಿಂದ ಬಿಟ್ಟಾಗ ಗೌಸ್ ಪೀರ್
ತಲೆತಗ್ಗಿಸಿ ಬಂದ, ತಲೆತಗ್ಗಿಸಿ ಸಹಿ ಹಾಕಿದ.
ತುರ್ತು ಪರಿಸ್ಥಿತಿ ತೆಗೆದರು ಎಂದು ರೇಡಿಯೋ ಹೇಳಿದ ಮೇಲೆ
ಸೀದಾ ನನ್ನ ಕಿಟಕಿಗೆ ಬಂದು, ಪುಸ್ತಕ ತೆಗಿ ಅಂದ.
ಬೆರಳಿಟ್ಟು ಓದಿದ, ಒಂದೊಂದೇ ಕೆಂಪು.
ಆಮೇಲೆ ಬೈದ.
ನನ್ನನ್ನು, ನಮ್ಮಪ್ಪನನ್ನು, ನನ್ನ ದುಂಡಕ್ಷರವನ್ನು,
ಪಾಳಿ ಬಿಡುವ ಹೊತ್ತಿಗೆ, ಗೇಟಿನೆದುರು.
ಬೈಯುತ್ತಾ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ
ಯಾರು ಕೇಳಿಸಿಕೊಳ್ಳುತ್ತಿದ್ದಾರೆಂದು.

ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.
ಆದರೂ ಆ ಸಂಜೆ ಮನೆಗೆ ನಡೆದು ಹೋಗುವಾಗ
ಹೆಗಲು ಯಾಕೋ ಹಗುರವಾಗಿತ್ತು.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ,
ಇಷ್ಟು ವರ್ಷವಾದರೂ ಗೊತ್ತಾಗಿಲ್ಲ.

ನಿನ್ನ ದೋಸೆ ಆರಿತು ನೋಡು. ದುಡ್ಡು ನಾನು ಕೊಡುತ್ತೇನೆ.
ನಾನು ಹೇಳಿದ್ದು ತಪ್ಪು ಅನ್ನಿಸಿದರೆ
ಮನೆಗೆ ಹೋದ ಮೇಲೆ ಹೇಳಬೇಡ.
ಇಲ್ಲೇ ಹೇಳು, ಜೋರಾಗಿ,
ಗಲ್ಲಾದ ಮೇಲೆ ಕೂತವನಿಗೂ ಕೇಳಲಿ.