ಐದು ಅಂಕದ ಪ್ರಶ್ನೆ

ಜ್ವಾಲಾಮುಖಿ ಎಂದರೇನು? ಪರಿಸರದ ಮೇಲೆ
ಅದರ ಪರಿಣಾಮಗಳನ್ನು ವಿವರಿಸಿ.
ಮೂವತ್ತೆಂಟು ಪತ್ರಿಕೆ, ಒಂದು ಕೆಂಪು ಪೆನ್ನು.
ಇಪ್ಪತ್ತೈದು ತಿದ್ದಿ ಆಯ್ತು. ಎಲ್ಲದರಲ್ಲೂ
ಅದೇ ಇಟಲಿ, ಅದೇ ಜಪಾನು,
ಅದೇ ಗೋಪುರದಂಥ ಬೆಟ್ಟ,
ತುದಿಯಲ್ಲಿ ಹೂಕೋಸಿನಂಥ ಹೊಗೆ.

ತಪ್ಪು ನನ್ನದೇ ಇರಬೇಕು.
ಡಿಸೆಂಬರಿನಲ್ಲಿ ಇವರನ್ನೆಲ್ಲ ಕಾಮಸಮುದ್ರದ ಬಸ್ಸು ಹತ್ತಿಸಿ
ಪೆದ್ದಪಲ್ಲಿಯಲ್ಲಿ ಇಳಿಸಿದ್ದೆ. ಬೇಲಿ, ಒಂದು ಫಲಕ,
ಫಲಕದ ಕೆಳಗೆ ಮಲಗಿದ ಮೇಕೆ.
'ಇದೇ ನೋಡಿ' ಅಂದೆ.
'ಎಲ್ಲಿ ಮಿಸ್, ಬೆಟ್ಟ ಎಲ್ಲಿ?'
'ಬೆಟ್ಟ ಸವೆದು ಹೋಯ್ತು. ಇದು ಅದರ ಉಗುಳು.'
ಗಂಗುಲಪ್ಪ ಬಗ್ಗಿ ನೋಡಿದ:
ಬೂದು ಕಲ್ಲಿನೊಳಗೆ ಬಿಳಿ ಕಲ್ಲಿನ ಚೂರು, ಚೂರು, ಚೂರು.
'ಕಡ್ಲೆಕಾಯಿ ಮಿಠಾಯಿ ಥರಾನೇ ಐತೆ ಮಿಸ್!'
ನಾನು ತಿರುಗಿದಾಗ ನೆಕ್ಕಿಯೂ ನೋಡಿದನಂತೆ.

ಹೇಳಿದ್ದೆ, ನಿಂತಲ್ಲೇ, ಬಿಸಿಲಿನಲ್ಲಿ:
ಕರಗಿದ ಕಲ್ಲು ಹಗುರ. ಹಗುರಾದದ್ದು ಏಳುತ್ತದೆ,
ಅದಕ್ಕೆ ಬೇರೆ ದಾರಿ ಗೊತ್ತಿಲ್ಲ.
ಒಳಗೆ ಆವಿ ಒತ್ತಿಕೊಂಡು ಕೂತಿರುತ್ತದೆ,
ಗೋಲಿ ಸೋಡಾದ ಕತ್ತಿನಲ್ಲಿ ಕೂತಂತೆ.
ಯಾವುದೋ ಹೊತ್ತಿಗೆ ಗೋಲಿ ಸರಿಯುತ್ತದೆ.
ಇಲ್ಲಿಯೂ ಸರಿದಿತ್ತು, ಇನ್ನೂರ ಎಪ್ಪತ್ತು ಕೋಟಿ ವರ್ಷದ ಹಿಂದೆ.
ಹಳೆಯ ಬಂಡೆ ಒಡೆದು ಹೊಸ ಬೂದಿಯಲ್ಲಿ ಬಿತ್ತು.
ನೋಡಲು ಕಣ್ಣಿರಲಿಲ್ಲ, ಓಡಲು ಕಾಲಿರಲಿಲ್ಲ,
ಹುಲ್ಲಿನ ಹೆಸರಿರಲಿಲ್ಲ.
ಗಾಳಿ ಇತ್ತು, ಉಸಿರಾಡುವಂಥದ್ದಲ್ಲ.
ಅಂಥ ಬೆಂಕಿಬಾಯಿಗಳ ಹೊಗೆಯೇ ಆಮೇಲೆ ಮೋಡ,
ಮೋಡವೇ ಮಳೆ, ಮಳೆಯೇ ಕಡಲು. ಬರಕೊಳ್ಳಿ.

ಎಲ್ಲರೂ ಬರಕೊಂಡರು.
ಆರೋಗ್ಯಮೇರಿ ಮಾತ್ರ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು,
ಜ್ವರ ನೋಡುವವಳ ಹಾಗೆ.
'ಆಮೇಲೆ ಆ ಬೆಂಕಿ ಎಲ್ಲಿಗೆ ಹೋಯ್ತು ಮಿಸ್?'
ಬಸ್ಸು ಬಂತು. ನಾನು ಉತ್ತರಿಸಲಿಲ್ಲ.

ಇಪ್ಪತ್ತಾರನೆಯದು ಅವಳ ಪತ್ರಿಕೆ. ಚಿತ್ರವಿಲ್ಲ.
'ಜ್ವಾಲಾಮುಕಿ ಆರಿದ ಮೇಲೂ ಪರಿಣಾಮ ಮುಗಿಯುವುದಿಲ್ಲ.
ನೆಲದೊಳಗಿನ ಬಿಸಿನೀರು ಬಿರುಕಿನಲ್ಲಿ ಚಿನ್ನ ಬಿಟ್ಟು ಹೋಗುತ್ತದೆ.
ಚಿನ್ನ ಇದ್ದಲ್ಲಿ ಗಣಿ. ಗಣಿ ಇದ್ದಲ್ಲಿ ನಮ್ಮ ತಾತ.
ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರು ಕೆಳಗೆ
ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತಂತೆ.
ಬೆಂಕಿ ಎಲ್ಲಿಗೂ ಹೋಗಿಲ್ಲ ಎಂದು ತಾತ ಹೇಳಿದರು.
ಅವರ ಎದೆಯಲ್ಲಿ ಕಲ್ಲಿನ ಪುಡಿ ಇದೆ.
ಕೆಮ್ಮಿದರೆ ಗೋಡೆಯ ಕ್ಯಾಲೆಂಡರ್ ಅಲ್ಲಾಡುತ್ತದೆ.
ಬೇಸಿಗೆಯಲ್ಲಿ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದರೆ
ಅಮ್ಮ ಓಡಿಹೋಗಿ ಒಣಹಾಕಿದ ಬಟ್ಟೆ ತರುತ್ತಾರೆ,
ಸಾರಿನ ಪಾತ್ರೆಗೆ ತಟ್ಟೆ ಮುಚ್ಚುತ್ತಾರೆ.
ಅದು ಜ್ವಾಲಾಮುಕಿಯ ಬೂದಿ.
ತಡವಾಗಿ ಬೀಳುತ್ತಿದೆ.'

ಮಾದರಿ ಉತ್ತರ ತೆಗೆದು ನೋಡಿದೆ.
ಲಾವಾರಸ, ಬೂದಿ, ವಿಷಾನಿಲ, ಹವಾಮಾನದ ಏರುಪೇರು,
ಫಲವತ್ತಾದ ಮಣ್ಣು. ತಲಾ ಒಂದು.
ತಾತನಿಗೆ ಅಂಕವಿಲ್ಲ. ತಟ್ಟೆ ಮುಚ್ಚಿದ ಪಾತ್ರೆಗೂ ಇಲ್ಲ.
ವ್ಯಾಖ್ಯೆ ಬರೆದಿಲ್ಲ, ಒಂದು ಹೋಯ್ತು.
ಮಹಾಪ್ರಾಣ ಬಿಟ್ಟಿದ್ದಾಳೆ, ಎರಡೂ ಕಡೆ, ಅರ್ಧ ಹೋಯ್ತು.
ಮೂರೂವರೆ ಎಂದು ಬರೆದೆ.

ಬರೆಯುವ ಕೈಯ ಬಳೆ ಮೇಜಿಗೆ ತಾಗಿ ಟಿಕ್ ಎಂದಿತು.
ಅಮ್ಮನದು. ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡದ್ದು, ಎರಡೂ ಸೇರಿ ನಾಲ್ಕು ತೊಲ.
ಯಾವ ಬಿರುಕಿನದೋ, ಯಾರು ಹತ್ತಿಸಿದ್ದೋ
ಅಮ್ಮ ಕೇಳಿರಲಿಲ್ಲ, ನಾನೂ ಕೇಳಿದವಳಲ್ಲ.
ಮುಟ್ಟಿದೆ: ಬೆಚ್ಚಗಿದೆ.
ನನ್ನ ಮೈಯ ಬಿಸಿ ಅದು, ಗೊತ್ತು, ವಿಜ್ಞಾನದ ಮೇಷ್ಟರು ನಾನು.
ಗೊತ್ತಿದ್ದೂ ಬಿಚ್ಚಿ ಡಬ್ಬಿಯ ಪಕ್ಕ ಇಟ್ಟೆ.

ಮೂರೂವರೆಗೆ ಗೀಟು ಹಾಕಿ ಐದು ಮಾಡಿದೆ.
ಪಕ್ಕದಲ್ಲಿ ಚಿಕ್ಕ ಸಹಿ. ಹೆಡ್ಮಾಸ್ಟರು ಕೇಳುತ್ತಾರೆ,
ಕೇಳಲಿ.
ಇನ್ನು ಹನ್ನೆರಡಿವೆ.
ಇಪ್ಪತ್ತೇಳು: ಗಂಗುಲಪ್ಪ. ಇಟಲಿ.